ಜಯಮ್ಮ ಸಿಸ್ಟರ್ ಹೇಳಿದ ಆರು ವಾರದ ಪಥ್ಯ

ಗೆಳೆಯರೇ, ನಂಜನಗೂಡಿನ ಇಂಟರ್‌ನೆಟ್ ಸೆಂಟರಲ್ಲಿ ಕೂತು ಕುಟ್ಟುತ್ತಿದ್ದೀನಿ. ಇವತ್ತೇ ಹೇಳದಿದ್ರೆ ನಂಗೆ ಊಟ ಸೇರಲ್ಲ.

ಗರ್ಭಕೋಶ ತೆಗೆಸಿಕೊಂಡಿದ್ದ ಹೆಂಗಸೊಬ್ಬರಿಗೆ (ಹೆಸರು, ಊರು ಕೇಳಬೇಡಿ) ಬೆಳಿಗ್ಗೆ ಡಿಸ್ಚಾರ್ಜ್. ಇಂಥವರನ್ನ ಮನೆಗೆ ಕಳಿಸುವಾಗ ಗಂಡನನ್ನ ಪಕ್ಕಕ್ಕೆ ಕರೆದು 'ಆರು ವಾರ ಕೂಡಬಾರದು' ಅಂತ ಹೇಳೋದು ನಮ್ಮ ನರ್ಸಿಂಗ್ ಹೋಂ ಪದ್ಧತಿ. ಅದನ್ನ ಡಾಕ್ಟರಾದ ನಾನೇ ಹೇಳಬೇಕು.

"ಯಜಮಾನ್ರನ್ನ ಕರೀರಿ," ಅಂದೆ.

"ಯಜಮಾನ್ರಿಲ್ಲ ಸಾ. ಇವ್ಳೇ," ಅಂತ ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದ ಗೆಳತಿಯನ್ನ ತೋರಿಸಿದ್ರು. "ಅನ್ನೆರಡು ವರ್ಷದಿಂದ ಗಂಡ ಎಂಡ್ತಿ ಇದ್ದಂಗೇ ಇದೀವಿ."

ಇಷ್ಟೆಲ್ಲ ಓದಿದೋನು, ಆರು ವಾರದ ಮಾತೇ ಎತ್ತದೆ "ಸರಿ, ರೆಸ್ಟ್ ಮಾಡಿ" ಅಂತ ಚೀಟಿ ಕೈಗಿಟ್ಟೆ. ಹೊಲಿಗೆ ಬಿಟ್ಟು ರಕ್ತ ಸುರಿಸ್ಕೊಂಡು ವಾಪಸ್ ಬಂದಿದ್ರೆ ತಪ್ಪು ನನ್ನದೇ.

ಅಷ್ಟರಲ್ಲಿ ನಮ್ಮ ಜಯಮ್ಮ ಸಿಸ್ಟರ್, ಹೆಡತಲೆ ಊರಿನವರು, ಆ ಗೆಳತಿಯನ್ನ ಬಾಗಿಲ ಪಕ್ಕಕ್ಕೆ ಎಳಕೊಂಡ್ರು.

"ನೋಡವ್ವ, ಒಳಗೆ ಹೊಲಿಗೆ ಅದೆ. ಆರು ವಾರ ಇಬ್ರಿಗೂ ಬೇರೆ ಬೇರೆ ಚಾಪೆ. ಬಿಂದಿಗೆ ನೀನೇ ಹೊರು. ರಕ್ತ ಕಂಡ್ರೆ ನಾಚ್ಕೊಂಡು ಕೂರ್ಬೇಡ, ಕರ್ಕೊಂಡ್ ಬಂದ್ಬುಡು."

ಆಯಮ್ಮ ಎಲ್ಲಾ ಗಂಡಂದಿರ ಹಾಗೇ ನೆಲ ನೋಡ್ಕೊಂಡು, "ಆಯ್ತು ಸಿಸ್ಟರ್," ಅಂದ್ರು.

ಅವರು ಹೋದ ಮೇಲೆ ಕೇಳಿದೆ, "ನಿಮಗೆ ಮುಜುಗರ ಆಗ್ಲಿಲ್ವಾ ಸಿಸ್ಟರ್?"

"ಯಾಕ್ ಸಾ? ಪಕ್ಕದಲ್ಲಿ ಮಲಗಿರೋದು ಗಂಡ್ಸೋ ಹೆಂಗ್ಸೋ ಅಂತ ಹೊಲಿಗೆಗೆ ಗೊತ್ತಾಯ್ತದಾ?"

ನಮ್ಮ ಬೋರ್ಡಲ್ಲಿ ನನ್ನ ಹೆಸರಿನ ಪಕ್ಕ ಎರಡು ಡಿಗ್ರಿ ಇವೆ. ಜಯಮ್ಮನವರ ಹೆಸರೇ ಇಲ್ಲ. ನಾಳೆ ಬರೋಕೆ ಪೇಂಟರಿಗೆ ಹೇಳಿದ್ದೀನಿ. ಅವರ ಹೆಸರು ನನ್ನದಕ್ಕಿಂತ ಮೇಲೆ.