ಕಡೀ ಕಂತಿನ ಮನಿ

ಕಮಲಾಪುರ ಬಿಟ್ಟು ಕಲಬುರಗಿಗೆ ಬಂದಾಗ ನನಗ ಅರವತ್ತೊಂದು. ಅದಕ್ಕೀಗ ಎಂಟು ವರ್ಷ. ಬಂದ ದಿನ ಕಸ ಚೆಲ್ಲಲಾಕ ಹೊರಗ ಹೋದೆ, ಹಿಂದ ಬಾಗಿಲು ತಾನೇ ಕೀಲಿ ಹಾಕ್ಕೊಂಡಿತು. ನರ್ಸ್ ಆಗಿರೋ ಮಗಳು ಡ್ಯೂಟಿ ಮುಗಿಸಿ ಬರೋತನಕ ನನ್ನ ಮನಿ ಹೊರಗ ನಾನೇ ಕೂತೆ. ನಮ್ಮೂರಾಗ ಹಗಲು ಬಾಗಿಲು ಹಾಕಿದರ, ಮನ್ಯಾಗ ಏನಾತು ಅಂತ ಮಂದಿ ಕೇಳಲಾಕ ಬರ್ತಾರ.

ಮನಿ ಶರಣಸಿರಸಗಿ ಕಡೆ, ಹೊಸ ಲೇಔಟಿನ್ಯಾಗ. ಕಟ್ಟಿ ಮಾರಿದ ಸಾಹುಕಾರನೇ ಸಾಲಾನೂ ಕೊಟ್ಟ. ಸೂಪರ್ ಮಾರ್ಕೆಟ್ ಅನ್ನೋ ಪ್ಯಾಟ್ಯಾಗ ಅವನ ಆಫೀಸು.

"ಅವ್ವಾ, ಬಾಡಿಗಿ ಕೊಟ್ಟಂಗ ತಿಂಗಳಾ ಸಣ್ಣ ಕಂತು ಕೊಡ್ರಿ. ಉಳಿದದ್ದು ಐದು ವರ್ಷಕ್ಕ ಒಮ್ಮಿಗೇ."

"ಅವಾಗ ಕೂತು ಮಾತಾಡೋಣೇನಪಾ?"

"ಮಾತಾಡೋಣ ಬರ್ರಿ. ನೀವು ನಮ್ಮವ್ವ ಇದ್ದಂಗ."

ನಂಬಿದೆ. ನಮ್ಮ ಕೆಂಪು ಬಾಳಿಹಣ್ಣಿನ ವ್ಯಾಪಾರ ಹಂಗೇ ಅಲ್ಲೇನು? ವ್ಯಾಪಾರಿ ಮೊದಲು ಸ್ವಲ್ಪ ಮುಂಗಡ ಕೊಡ್ತಾನ. ಗೊನಿ ಕೊಯ್ದ ಮ್ಯಾಲ ಕಟ್ಟೀ ಮ್ಯಾಲ ಕೂತು ಕಡೀ ರೊಕ್ಕ ಬಗಿಹರಿಸ್ತೀವಿ. ಅವನೂ ಒಂದಿಷ್ಟು ಬಿಡ್ತಾನ, ನಾವೂ ಬಿಡ್ತೀವಿ. ಅಲ್ಲಿ ಕಡೀ ರೊಕ್ಕ ಅಂದ್ರ ಮಾತು. ಇಲ್ಲಿ ಕುತ್ತಿಗಿ ಮ್ಯಾಲಿನ ಕತ್ತಿ.

ಐದು ವರ್ಷ ಕಳೀತು. ಮಗಳು ಕಟ್ಟಿದ್ದೆಲ್ಲ ಬಡ್ಡಿಗೇ ಹೋಗಿತ್ತು, ಅಸಲು ಹಂಗೇ ಕೂತಿತ್ತು. ಇದಕ್ಕ ಬಲೂನ್ ಸಾಲ ಅಂತಾರಂತ. ಮೊದಲು ಸಣ್ಣದು, ಕಡೀಗೆ ಉಬ್ಬಿ ನಿಲ್ತದ. ಬ್ಯಾಂಕಿಗೆ ಹೋದ್ವಿ. ಮನಿ ಇನ್ನೂ ಅವನ ಹೆಸರಿಗದ, ಸಾಲ ಸಿಗಂಗಿಲ್ಲ ಅಂದ್ರು.

ಎಲಿ ಅಡಿಕಿ ತಗೊಂಡು ಮಾತಾಡಲಾಕ ಅವನ ಹತ್ರಾನೇ ಹೋದೆ. ನಕ್ಕ.

"ಇದೇನು ಬಾಳಿಹಣ್ಣಿನ ಸಂತೀನೇನು ಮುದುಕಿ? ಪೂರಾ ಕೊಡು, ಇಲ್ಲಾ ಕೀಲಿ ಇಟ್ಟು ನಡಿ."

ಐದು ವರ್ಷದಾಗ ಅವ್ವ ಹೋಗಿ ಮುದುಕಿ ಆಗಿದ್ದೆ.

ಕಮಲಾಪುರದ ಬಾಳಿತ್ವಾಟ ಮಾರಿದೆ. ರೊಕ್ಕ ಅವನ ಮೇಜಿನ ಮ್ಯಾಲ ಇಟ್ಟು, ಮನಿ ಮಗಳ ಹೆಸರಿಗೆ ಮಾಡಿಸ್ಕೊಂಡೆ. ಅಳಲಿಲ್ಲ.

"ಮುಗೀತಲ್ಲ, ಇನ್ನೇನದ?" ಅಂದ.

"ಅದ," ಅಂದು ಬಂದೆ.

ಈಗ ಇಲ್ಲಿ ಮನಿ ಅದ, ಅಲ್ಲಿ ನೆಲ ಇಲ್ಲ. ಇಲ್ಲಿಯವರು ನನಗ ಕಮಲಾಪುರದಾಕಿ ಅಂತಾರ. ಅಲ್ಲಿ ಊರಿನ ಮಂದಿ ಕಲಬುರಗಿಯಾಕಿ ಅಂತಾರ. ಅನ್ಲಿ.

ರೊಕ್ಕ ಕೊಟ್ಟ ಮರುದಿನ ಮುಂಜಾನೆ ಮೊದಲ ಬಸ್ಸಿಗೆ ಊರಿಗೆ ಹೋಗಿ, ಮಾರಿದ ತ್ವಾಟದ್ದೇ ಒಂದು ಬುಟ್ಟಿ ಹಣ್ಣು ಕೊಂಡ್ಕೊಂಡು ಬಂದು, ಅವನ ಆಫೀಸಿನ ಎದುರಿಗೆ ಕೂತೆ. ಮನಿ ಕೇಳಲಾಕ ಒಂದು ಗಂಡ-ಹೆಂಡತಿ ಬಂದ್ರು. ಕರೆದು ಕೈಯಾಗ ಹಣ್ಣಿಟ್ಟೆ. "ಕಡೀ ಕಂತು ಎಷ್ಟಂತ ಮೊದಲು ಕೇಳ್ರೆವ್ವಾ," ಅಂತ ನನ್ನ ಕಥಿ ಹೇಳಿದೆ. ಹಣ್ಣು ತಿಂದು, ಮೆಟ್ಟಿಲು ಹತ್ತದೇ ಹೋದ್ರು. ನಾನು ಬುಟ್ಟಿ ಅವನ ಬಾಗಿಲಿಗೆ ಇನ್ನೊಂದಿಷ್ಟು ಹತ್ರ ಸರಿಸಿದೆ.