ಅಂಬಿಗನ ಸೋರೆಬುರುಡೆ

ಭೀಮೆಗೆ ಇನ್ನೂ ಸೇತುವೆ ಇರದ ಕಾಲ. ಅದರ ದಂಡೆಯ ನಮ್ಮ ಭಂಡಾರಕವಠೆಯಲ್ಲಿ ಯಾರ ಕೊಡ, ಗಂಗಾಳ ಹೊಳೆಯಲ್ಲಿ ಮುಳುಗಿದರೂ ಊರಿನ ಅಂಬಿಗನನ್ನೇ ಕರೆಯುತ್ತಿದ್ದೆವು. ಅವನು ಸೊಂಟಕ್ಕೆ ಹಗ್ಗ ಬಿಗಿದು, ಅದರ ಇನ್ನೊಂದು ತುದಿಗೆ ಒಣಗಿದ ಸೋರೆಬುರುಡೆ ಕಟ್ಟಿ ಮುಳುಗುತ್ತಿದ್ದ. ಸೆಳವಿಗೆ ಎದುರು ಈಜುತ್ತಿರಲಿಲ್ಲ. ತಳದಲ್ಲಿ ಕೈಯಾಡಿಸುತ್ತ ಅದರೊಂದಿಗೇ ಸಾಗುತ್ತಿದ್ದ. ಮೇಲೆ ತೇಲುವ ಬುರುಡೆಯನ್ನು ನೋಡುತ್ತ ನಾವು ದಂಡೆಗುಂಟ ನಡೆಯುತ್ತಿದ್ದೆವು.

"ನೀರಿನ ಜೋಡಿ ಜಗಳಾ ತಗೀಬಾರದ್ರಿ," ಎನ್ನುವುದು ಅವನ ಮಾತು. "ಅದು ಒಯ್ದಲ್ಲಿ ಹೋಗಬೇಕು."

ನಾನು ಮದುವೆಯಾಗಿ ಬಂದ ವರ್ಷ ತವರಿನ ತಾಮ್ರದ ಕೊಡ ಮುಳುಗಿತು. ಅವನು ಇಳಿದ. ಬುರುಡೆ ಸ್ವಲ್ಪ ದೂರ ತೇಲಿ ನಿಂತಿತು. ಆಮೇಲೆ ಹರಿವಿಗೆ ಎದುರಾಗಿ ಮೆಲ್ಲಗೆ ಹೊರಟಿತು. ಅತ್ತೆ ನನ್ನ ಕೈ ಹಿಡಿದರು. ಇಬ್ಬರೂ ಅದರ ಜೊತೆಗೇ ನಡೆದೆವು.

"ಅಕ್ಕಾರ, ಎಲ್ಲಿ ಹೊಂಟ್ರಿ?"

ತಿರುಗಿದರೆ, ಬಹಳ ಹಿಂದೆ, ಹೊಳೆ ಹರಿದುಹೋಗುವ ದಿಕ್ಕಿನ ದಂಡೆಯಲ್ಲಿ ಅವನು ಕೊಡ ಹಿಡಿದು ನಿಂತಿದ್ದ. ಸೊಂಟದಲ್ಲಿ ಹಗ್ಗವಿರಲಿಲ್ಲ.

"ಬುರುಡಿ?" ಎಂದರು ಅತ್ತೆ.

"ಕೆಳಗ ಯಾರೋ ಹಗ್ಗ ಹಿಡಕೊಂಡಿದ್ರು. ಜಗಳಾ ಯಾಕಂತ ಬಿಚ್ಚಿ ಕೊಟ್ಟೆ."

ಮುಂದಿನ ಸಲ ಹೊಸ ಬುರುಡೆ ತಂದ. ಅದಕ್ಕೆ ಎರಡು ಹಗ್ಗ ಕಟ್ಟಿದ್ದ. ಒಂದನ್ನು ತನ್ನ ಸೊಂಟಕ್ಕೆ ಬಿಗಿದುಕೊಂಡ. ಇನ್ನೊಂದನ್ನು ನೀರಿಗೆ ಇಳಿಬಿಟ್ಟ.