ಬೂತಿನ ಕಾಕನಿಗೆ ನಾನು ಹೇಳಿದ ಸುಳ್ಳು

ಬೂತಿನ ಕಾಕನ ಬಲಗೈಯ ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು. ವರ್ಷಾನುಗಟ್ಟಲೆ ಟೆಲಿಫೋನಿನ ಅಂಕೆಗಳನ್ನು ಒತ್ತಿ ಒತ್ತಿ ಹಾಗಾದದ್ದು ಎಂದು ಅವರು ಹೇಳುತ್ತಿದ್ದರು. ಹುಟ್ಟುವಾಗಲೇ ಹಾಗಿತ್ತು ಎಂದು ಅವರ ತಮ್ಮ ನಗುತ್ತಿದ್ದ. ಮಾತಾಡುವಾಗ ಆ ಬೆರಳು ಸುಮ್ಮನಿರುತ್ತಿರಲಿಲ್ಲ. ಮೇಜಿನ ಮೇಲೆ, ಮೊಣಕಾಲಿನ ಮೇಲೆ, ಯಾವುದೋ ನಂಬರನ್ನು ಒತ್ತುತ್ತಲೇ ಇರುತ್ತಿತ್ತು.

ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಕನ್ನಡ ಶಾಲೆಯ ನಾಲ್ಕನೆಯ ಕ್ಲಾಸಿನಲ್ಲಿರುವಾಗ ಬಂದ ಜ್ವರ ದೃಷ್ಟಿಯನ್ನು ಕೊಂಡುಹೋಗಿತ್ತು. ಕಾಸರಗೋಡು ಕಡೆಯ ಬಂದ್ಯೋಡು ಜಂಕ್ಷನ್ನಿನಲ್ಲಿ ಅವರದೊಂದು ಎಸ್‌ಟಿಡಿ ಬೂತ್. ಗಂಡಂದಿರು ಗಲ್ಫಿನಲ್ಲಿದ್ದ ಹೆಂಗಸರು ಅಲ್ಲಿಗೆ ನಂಬರಿನ ಚೀಟಿ ತರಬೇಕಾಗಿರಲಿಲ್ಲ. "ಕಾಕಾ" ಎಂದು ಕರೆದರೆ ಸಾಕು, ಧ್ವನಿಯಲ್ಲೇ ಗುರುತು ಹಿಡಿದು ದುಬೈಗೋ ದಮ್ಮಾಮಿಗೋ ಒತ್ತಿ ರಿಸೀವರ್ ಕೈಗೆ ಕೊಡುತ್ತಿದ್ದರು. ಆದರೆ ಒಂದೇ ಒಂದು ಅಂಕೆಯಲ್ಲಿ ಅನುಮಾನ ಬಂದರೂ ಒತ್ತುತ್ತಿರಲಿಲ್ಲ. "ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಹೇಳ್ಬೇಕು. ಅಂದಾಜಿಗೆ ಒತ್ತಿದ್ರೆ ಯಾರದ್ದೋ ಮನೆಯವರ ನಿದ್ದೆ ಹಾಳು" ಎನ್ನುತ್ತಿದ್ದರು.

ಬೂತಿನ ಮೇಲಿನ ಮಾಳಿಗೆಯಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದೆ. ವಯಸ್ಸು ಇಪ್ಪತ್ತನಾಲ್ಕು, ಗೊತ್ತಿಲ್ಲ ಎಂಬ ಮಾತು ಬಾಯಿಗೆ ಬಾರದ ಪ್ರಾಯ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರಲ್ಲ, ನಾನು ತಳದಲ್ಲಿ ಮಾತ್ರ ನೀರಿದ್ದ ಕೊಡ. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರಾದ ಕಾಕ ನನ್ನನ್ನು "ಮಾಷ್ಟ್ರೇ" ಎಂದು ಕರೆದು, "ನೀವು" ಎಂದು ಮಾತಾಡಿಸುತ್ತಿದ್ದರು. ಸಂಜೆ ಕ್ಲಾಸು ಮುಗಿದರೆ ನಾನು ಇಳಿದುಬಂದು ಬೂತಿನ ಬೆಂಚಿನಲ್ಲಿ ಕೂರುತ್ತಿದ್ದೆ. ಪಕ್ಕದ ಸ್ಟ್ಯಾಂಡಿನ ರಿಕ್ಷಾದವನೂ ಬಂದು ಕೂರುತ್ತಿದ್ದ.

ಕಾಕನಿಗೆ ಹಾಡಿನ ಹುಚ್ಚು. ಬೂತಿನ ಕಪಾಟಿನಲ್ಲಿ ನೂರಾರು ಕ್ಯಾಸೆಟ್‌ಗಳಿದ್ದವು. ಪ್ರತಿಯೊಂದರ ಅಂಚಿನಲ್ಲಿ ಬ್ಲೇಡಿನಿಂದ ಗೀಟು ಹಾಕಿದ್ದರು. ಅಡ್ಡ ಗೀಟಿದ್ದರೆ ಮಲಯಾಳದ ಮಾಪಿಳ್ಳೆ ಹಾಡು, ಉದ್ದ ಗೀಟಿದ್ದರೆ ಹಳೆಯ ಹಿಂದಿ, ಮೂಲೆ ಕತ್ತರಿಸಿದ್ದರೆ ಯಕ್ಷಗಾನ. ಬೇಕಾದ್ದನ್ನು ಯಾರಲ್ಲೂ ಕೇಳದೆ ತಾವೇ ತೆಗೆದು ಹಾಕಿಕೊಳ್ಳುವುದು ಅವರಿಗೊಂದು ಹೆಮ್ಮೆ.

ಒಂದು ವರ್ಷ ಶಾರ್ಜಾದಿಂದ ರಜೆಯಲ್ಲಿ ಬಂದ ತಮ್ಮ ಅವರಿಗೊಂದು ಹೊಸ ಎಂಪಿ ತ್ರೀ ಪ್ಲೇಯರ್ ತಂದುಕೊಟ್ಟ. ಹೆಬ್ಬೆರಳಿನಷ್ಟು ದೊಡ್ಡದು, ಪರದೆ ಇಲ್ಲ, ಐದು ಬಟನ್. ಕಪಾಟಿನ ಅಷ್ಟೂ ಹಾಡುಗಳು ಅದರೊಳಗೆ. ಜಂಕ್ಷನ್ನೇ ಬಂದು ನೋಡಿತು. ಇಷ್ಟು ಸಣ್ಣದರಲ್ಲಿ ಇಷ್ಟು ಹಿಡಿಯುವುದಾದರೆ ಇನ್ನೂ ಏನೇನೋ ಇರಬೇಕು ಎಂದು ಎಲ್ಲರಿಗೂ ಅನಿಸಿತು. ಒಬ್ಬರು ರೇಡಿಯೋ ಇದೆ ಎಂದರು, ಇನ್ನೊಬ್ಬರು ನಾವು ಆಡುವ ಮಾತೆಲ್ಲ ಅದರಲ್ಲಿ ರೆಕಾರ್ಡ್ ಆಗುತ್ತಿದೆ ಎಂದು ಧ್ವನಿ ತಗ್ಗಿಸಿದರು. ಕಾಕ ಮಾತ್ರ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ, "ಹಾಡೇನೋ ಉಂಟು. ಆದ್ರೆ ಯಾವುದು ಎಲ್ಲುಂಟು ಅಂತ ಬೆರಳಿಗೆ ಗೊತ್ತಾಗುದಿಲ್ಲ" ಎಂದರು. ಬೇಕಾದ ಒಂದು ಹಾಡಿಗಾಗಿ ಬೇಡದ ಎಪ್ಪತ್ತನ್ನು ದಾಟಬೇಕಾಗಿತ್ತು.

ರಿಕ್ಷಾದವ ನನ್ನ ಕಡೆ ತಿರುಗಿದ. "ಎಂತ ಮಾರಾಯ, ಕಂಪ್ಯೂಟರ್ ಕಲಿಸ್ತಿ. ಇದರ ಒಳಗೆ ಬೇರೆ ಎಂತ ಉಂಟು ಹೇಳಲಿಕ್ಕೆ ಗೊತ್ತಿಲ್ವಾ?"

ಸುತ್ತ ಏಳೆಂಟು ಜನ ನಿಂತಿದ್ದರು. ಅದಕ್ಕೂ ಕೆಲವು ದಿನ ಮೊದಲು ಯಾವುದೋ ಪತ್ರಿಕೆಯಲ್ಲಿ, ಮುಂದೆ ಇಂಥ ಯಂತ್ರಗಳು ಹಾಡಿನ ಹೆಸರನ್ನು ಬಾಯಿಬಿಟ್ಟು ಹೇಳಬಹುದು ಎಂದು ಓದಿದ್ದೆ. ಆ "ಮುಂದೆ"ಯನ್ನೂ "ಬಹುದು" ಎಂಬುದನ್ನೂ ನುಂಗಿಬಿಟ್ಟೆ.

"ಇದಕ್ಕೆ ಮಾತಾಡ್ಲಿಕ್ಕೆ ಬರ್ತದೆ. ಹಾಡಿನ ಹೆಸರು ಅದೇ ಹೇಳ್ತದೆ. ಕಂಪೆನಿಯವರು ಅಡಗಿಸಿ ಇಟ್ಟಿದ್ದಾರೆ. ಬಟನ್ ಒತ್ತುವ ಒಂದು ಕ್ರಮ ಉಂಟು, ಅದು ಸಿಕ್ಕಿದ್ರೆ ಆಯ್ತು."

ರಿಕ್ಷಾದವನ ಬಾಯಿ ಮುಚ್ಚಿತು. ನನಗೆ ಅಷ್ಟೇ ಬೇಕಾಗಿತ್ತು. ಕಾಕ ತಲೆ ಎತ್ತಿ, "ಹೌದಾ ಮಾಷ್ಟ್ರೇ?" ಎಂದರು. "ಹೌದು ಕಾಕ" ಎಂದೆ. ಅವರ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಆಗಲೂ ಮಾತು ತಿದ್ದಿಕೊಳ್ಳಲಿಲ್ಲ.

ಮರುದಿನದಿಂದ ಅವರು ಹುಡುಕತೊಡಗಿದರು. ನೂರಾರು ನಂಬರುಗಳನ್ನು ತಲೆಯಲ್ಲಿ ಇಟ್ಟುಕೊಂಡಿದ್ದ ಮನುಷ್ಯ. ಮೊದಲು ಎರಡೆರಡು ಬಟನ್, ಆಮೇಲೆ ಮೂರು ಮೂರು, ಒಂದು ಕ್ರಮವೂ ತಪ್ಪದಂತೆ, ಒತ್ತಿದ್ದನ್ನೇ ಇನ್ನೊಮ್ಮೆ ಒತ್ತದಂತೆ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅದೇ ಕೆಲಸ. ನಾನು ಮೆಟ್ಟಿಲಿಳಿಯುವ ಸದ್ದಿಗೆ ಕಾದು, "ಮೂರರದ್ದು ಮುಗೀತು ಮಾಷ್ಟ್ರೇ. ನಾಳೆಯಿಂದ ನಾಲ್ಕರದ್ದು" ಎನ್ನುತ್ತಿದ್ದರು. "ಸಿಗ್ತದೆ ಕಾಕ" ಎಂದು ನಾನು ಬೇಗ ಬೇಗ ದಾಟಿ ಹೋಗುತ್ತಿದ್ದೆ. ಬೆಂಚಿನಲ್ಲಿ ಕೂರುವುದನ್ನೇ ಬಿಟ್ಟೆ.

ತಿಂಗಳ ಎರಡನೆಯ ಭಾನುವಾರ ಕಾಸರಗೋಡಿನ ಒಂದು ಶಾಲೆಯ ಹಾಲಿನಲ್ಲಿ ಕಣ್ಣು ಕಾಣದವರು ಸೇರುತ್ತಿದ್ದರು. ಕಾಕ ಒಂದು ಸಲವೂ ತಪ್ಪಿಸುತ್ತಿರಲಿಲ್ಲ. ಅಲ್ಲಿ ಅವರ ಮಾತಿಗೆ ಬಹಳ ಬೆಲೆ. ಬಸ್ಸಿನ ಸಮಯ, ಪಿಂಚಣಿಯ ಅರ್ಜಿ, ಡಾಕ್ಟರ ನಂಬರ್, ಕಾಕ ಹೇಳಿದರೆ ಯಾರೂ ಇನ್ನೊಬ್ಬರನ್ನು ಕೇಳುತ್ತಿರಲಿಲ್ಲ. ಈ ಯಂತ್ರಕ್ಕೆ ಮಾತು ಬರುತ್ತದೆ, ಕ್ರಮ ಒಂದು ಸಿಗಬೇಕು ಎಂದು ಅವರು ಅಲ್ಲಿಯೂ ಹೇಳಿಬಿಟ್ಟರು. ಅದನ್ನು ಕೇಳಿ ನಾಲ್ಕು ಮಂದಿ ಗಲ್ಫಿನಲ್ಲಿದ್ದ ತಮ್ಮವರಿಗೆ ಹೇಳಿ ಅದನ್ನೇ ತರಿಸಿಕೊಂಡರು. ಅವರಲ್ಲೊಬ್ಬರು ಪೈವಳಿಕೆಯ ಟೀಚರ್, ಮಕ್ಕಳಿಗೆ ಸಂಗೀತ ಕಲಿಸುವವರು. ಇದನ್ನೆಲ್ಲ ನನಗೆ ಹೇಳಿ ಕಾಕ, "ಈ ಭಾನುವಾರ ನೀವೇ ಬನ್ನಿ ಮಾಷ್ಟ್ರೇ. ನನ್ನಿಂದ ಆಗ್ಲಿಲ್ಲ. ನೀವು ಓದಿದವರು, ಒಮ್ಮೆ ನೋಡಿ" ಎಂದರು.

ಬಂದ್ಯೋಡಿನಿಂದ ಕಾಸರಗೋಡಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಅವರ ಪಕ್ಕದಲ್ಲೇ ಕೂತಿದ್ದೆ. ಕುಂಬಳೆಯಲ್ಲಿ ಹೇಳಬೇಕು ಎಂದುಕೊಂಡೆ, ಮೊಗ್ರಾಲಿನಲ್ಲಿ ಹೇಳಬೇಕು ಎಂದುಕೊಂಡೆ. ಎರಡೂ ಊರಿನ ಸೇತುವೆಗಳು ಹಿಂದೆ ಸರಿದವು. ಕಾಕ ಕಿಸೆಯಿಂದ ನಿಂಬೆಹುಳಿ ಮಿಠಾಯಿ ತೆಗೆದುಕೊಟ್ಟರು. ಅದನ್ನು ಚೀಪುತ್ತ ಕಾಸರಗೋಡಿನಲ್ಲಿ ಇಳಿದೆ.

ಹಾಲಿನಲ್ಲಿ ಮೂವತ್ತು ಜನ. ನಾಲ್ವರು ಆ ಯಂತ್ರವನ್ನು ಅಂಗೈಯಲ್ಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. "ಮಾಷ್ಟ್ರು ಬಂದಿದ್ದಾರೆ" ಎಂದು ಕಾಕ ಹೇಳಿದಾಗ ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು.

"ಯಾವ ಬಟನ್ ಮೊದಲು ಒತ್ತುದು?" ಎಂದು ಟೀಚರ್ ಕೇಳಿದರು.

ನಾನು ಬಾಯಿ ತೆರೆದೆ. ಮೂವತ್ತು ಜನ ಕಾದರು. ಕಾಕ ಕತ್ತನ್ನು ನನ್ನ ಕಡೆ ಸ್ವಲ್ಪ ವಾಲಿಸಿ ನಿಂತಿದ್ದರು, ಬೂತಿನಲ್ಲಿ ಆಚೆ ಕಡೆ ಯಾರಾದರೂ ಫೋನ್ ಎತ್ತುತ್ತಾರೋ ಎಂದು ಕೇಳಿಸಿಕೊಳ್ಳುವಾಗ ನಿಲ್ಲುವ ಹಾಗೆ. ನಾನು ಉಗುಳು ನುಂಗಿದ್ದು ಅವರಿಗೆ ಖಂಡಿತ ಕೇಳಿಸಿರಬೇಕು.

"ಮಾಷ್ಟ್ರು ಎಂತ ಹೇಳುದು ಪಾಪ" ಎಂದರು ಕಾಕ. "ಹಾಗೊಂದು ಇಲ್ವೇ ಇಲ್ಲ ಅಂತ ಅವರು ಬಸ್ಸಿನಲ್ಲೇ ಹೇಳಿದ್ರು. ಸರಿಯಾಗಿ ತಿಳಿಯದೆ ನಿಮಗೆ ಹೇಳಿದ್ದು ನಾನು. ತಪ್ಪು ನನ್ನದು."

ಯಾರೋ ನಕ್ಕರು. "ಕಾಕನೂ ರೈಲು ಬಿಡ್ಲಿಕ್ಕೆ ಶುರು ಮಾಡಿದ್ರು" ಎಂದರು ಹಿಂದಿನ ಸಾಲಿನವರು. ಟೀಚರ್ ನಗಲಿಲ್ಲ. ಯಂತ್ರವನ್ನು ಚೀಲಕ್ಕೆ ಹಾಕಿ ಜಿಪ್ ಎಳೆದರು. ನಾನು, ಕೈಕಾಲು ಗಟ್ಟಿಯಿದ್ದವ, ಎರಡು ಕಣ್ಣಿದ್ದವ, ಅಲ್ಲೇ ನಿಂತಿದ್ದೆ. "ಅಲ್ಲ, ನಾನು ಹೇಳಿದ್ದು" ಎನ್ನಲು ಎಷ್ಟು ಹೊತ್ತು ಬೇಕು? ಹೇಳಲಿಲ್ಲ. ನಾಚಿಕೆಗಿಂತ ಮೊದಲು ನನಗೆ ಬಂದದ್ದು ಸಮಾಧಾನ, ಪಾರಾದೆನಲ್ಲ ಎಂಬ ಸಮಾಧಾನ. ಇವತ್ತಿಗೂ ನನ್ನನ್ನು ಸುಡುವುದು ಅದೇ.

ವಾಪಸು ಬರುವಾಗ ಕಾಕ ಆ ವಿಷಯ ಎತ್ತಲಿಲ್ಲ. "ಹಸಿವೆ ಆಗ್ತದಾ ಮಾಷ್ಟ್ರೇ?" ಎಂದು ಒಮ್ಮೆ ಕೇಳಿದರು. ಆಮೇಲೆ ಯಾವತ್ತೂ ಎತ್ತಲಿಲ್ಲ. ಬಯ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮುಂದಿನ ಭಾನುವಾರಗಳಲ್ಲಿ ಅವರು ಬಸ್ಸಿನ ಸಮಯ ಹೇಳಿದರೆ, "ಮತ್ತೊಬ್ಬರಲ್ಲಿ ಒಮ್ಮೆ ಕೇಳ್ತೇವೆ ಕಾಕ" ಎನ್ನುವವರಾದರಂತೆ. ಆಮೇಲೆ ಅವರನ್ನು ಹಾಲಿಗೆ ಕರೆದುಕೊಂಡು ಹೋಗುತ್ತಿದ್ದ ರಿಕ್ಷಾದವ ಇದನ್ನು ನಗುತ್ತ ನನಗೆ ಹೇಳಿದ.

ಮೊಬೈಲು ಎಲ್ಲರ ಕೈಗೂ ಬಂತು, ಬೂತ್ ಮುಚ್ಚಿತು. ಅದೇ ಮೇಜಿನಲ್ಲಿ ಕಾಕ ರೀಚಾರ್ಜ್ ಮಾಡಿಕೊಡುತ್ತ ಕೂತರು. ನಾನು ದಿನವೂ ಅವರ ಮುಂದೆಯೇ ಮೆಟ್ಟಿಲು ಹತ್ತಿ ಇಳಿದೆ, ಎಂಟು ವರ್ಷ. ಕೊನೆಗೆ ಸಕ್ಕರೆ ಕಾಯಿಲೆ ಅವರನ್ನು ತೆಗೆದುಕೊಂಡಿತು.

ತೀರಿಹೋದ ಮೂರನೆಯ ದಿನ ಅವರ ಮನೆಗೆ ಹೋದೆ. ಜಗಲಿಯಲ್ಲಿ ಪೈವಳಿಕೆಯ ಟೀಚರ್ ತಮ್ಮ ತಂಗಿಯ ಜೊತೆ ಕೂತಿದ್ದರು. ಅವರ ಪಕ್ಕ ಕೂತು, ಯಾರೂ ಕೇಳದೆಯೇ, ಎಲ್ಲ ಹೇಳಿಬಿಟ್ಟೆ.

"ಎಷ್ಟು ತಮಾಷೆ ಮಾಡಿದ್ದೇವೆ ಅವರಿಗೆ" ಎಂದರು ಟೀಚರ್. "ನನಗೆ ಹೇಳಿದ್ರೆ ಸಾಕಾಗುದಿಲ್ಲ. ಭಾನುವಾರ ಹಾಲಿಗೆ ಬನ್ನಿ."

ಹೋದೆ. ಕಾಕ ನಿಂತಿದ್ದ ಜಾಗದಲ್ಲೇ ನಿಂತು, ಅವರು ನಿಮಗೆ ತಪ್ಪು ಹೇಳಿದವರಲ್ಲ, ನನ್ನ ಮಾನ ಉಳಿಸಲು ತಪ್ಪು ಹೊತ್ತವರು ಎಂದು ಹೇಳಿದೆ. ಯಾರೂ ಬಯ್ಯಲಿಲ್ಲ. ಹಿಂದಿನ ಸಾಲಿನಿಂದ ವಯಸ್ಸಾದ ಒಬ್ಬರು ಮೆಲ್ಲ ಎದ್ದು ನಿಂತರು. ಆ ನಾಲ್ವರಲ್ಲಿ ಒಬ್ಬರು.

"ಹಾಗಾದ್ರೆ ಆ ಕ್ರಮ ಇಲ್ಲವೇ ಇಲ್ವಾ?" ಎಂದು ಕೇಳಿದರು.

"ಇಲ್ಲ" ಎಂದೆ.

"ಇಲ್ಲದ್ದನ್ನು ಉಂಟು ಅಂತ ಕಾಕ ಹೇಳುವವರಲ್ಲ ಅಂತ ನಾನು ಈಗಲೂ ಒತ್ತಿ ನೋಡ್ತಾ ಇದ್ದೆ" ಎಂದು ಅವರು ಕೂತುಕೊಂಡರು.